ಕಾಗೆ ರೆಕ್ಕೆ ಬಣ್ಣದ ವ್ಯಾನು

"ನೀವು ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಗಾಡಿ ಒಂದೇ ಇದ್ರೆ ಚೆನ್ನಾಗಿರುತ್ತೆ."

ಫೋಟೋದವನು ಅವಳೊಡನೆ ಆಡಿದ ಮೊದಲ ಮಾತು ಅದು. ಆಗ ಅವಳು ಮಂಡಿಯೂರಿ ಹಾಲಿನಜ್ಜನ ಹಳೇ ವ್ಯಾನಿನ ತುಕ್ಕು ಉಜ್ಜುತ್ತಿದ್ದಳು.

"ಗಾಡಿ ಒಂದೇ ಇದ್ದಿದ್ದಕ್ಕೇ ಹೀಗೆ ತುಕ್ಕು ಹಿಡಿದಿರೋದು ಸಾರ್," ಎಂದಳು, ಮುಖ ಎತ್ತದೆ.

ಎಂಜಿನ್ನಿನ ಅಡಿಯಿಂದ ಅಪ್ಪನ ನಗು ಕೇಳಿಸಿತು. "ನನ್ನ ಮಗಳ ಬಾಯಿಗೆ ಬೀಳ್ಬೇಡಿ ಸ್ವಾಮಿ. ಸ್ಯಾಂಡ್‌ಪೇಪರೇ ವಾಸಿ."

ತನ್ನ ವ್ಯಾನು ಹೇಗಿತ್ತು, ಹೇಗಾಯಿತು ಎಂಬುದಕ್ಕೆಲ್ಲ ಫೋಟೋ ಬೇಕೆಂದು ಹಾಲಿನಜ್ಜ ಹಟ ಹಿಡಿದಿದ್ದ. ಹಾಗಾಗಿ ಫೋಟೋದವನು ವಾರ ವಾರವೂ ಅಪ್ಪನ ಗಾಡಿ ರಿಪೇರಿ ಶೆಡ್ಡಿಗೆ ಬಂದ. ತುಕ್ಕು ಹೋದ ಮೇಲೆ ಬಂದ, ಪುಟ್ಟಿ ತುಂಬಿದ ಮೇಲೆ ಬಂದ. ಪಕ್ಕಕ್ಕೆ ಹೋಗಿ ಎಂದು ಮತ್ತೆ ಹೇಳಲಿಲ್ಲ. ಅವಳಾಗಿಯೇ ಏಳುವ ತನಕ ಸ್ಟೂಲಿನ ಮೇಲೆ ಕೂತು, ಆರಿದ ಟೀಯನ್ನೇ ಗುಟುಕು ಗುಟುಕಾಗಿ ಕುಡಿಯುತ್ತಿದ್ದ.

ಇವತ್ತು ಕೊನೆಯ ದಿನ. ಊಟದ ಹೊತ್ತಿಗೆ ಅಜ್ಜ ವ್ಯಾನು ಒಯ್ಯುತ್ತಾನೆ. ನಾಳೆಯಿಂದ ಅದು ಮತ್ತೆ ಹಾಲಿನ ಕ್ಯಾನು ಹೊತ್ತು ಹೊಲದ ದಾರಿ ಹಿಡಿಯುತ್ತದೆ. ವಾರ ಕಳೆಯುವುದರೊಳಗೆ ಗಾಲಿಯಿಂದ ಕಿಟಕಿವರೆಗೆ ಕೆಸರು. ಅವಳು ಬಳಿದ ಬಣ್ಣ ಉಳಿಯುವುದಿದ್ದರೆ ಇವತ್ತಿನ ಫೋಟೋದಲ್ಲಿ ಮಾತ್ರ.

ಅದು ಬರಿಯ ಕಪ್ಪಲ್ಲ. ಕಾಗೆ ಬಿಸಿಲಿಗೆ ಹೊರಳಿದಾಗ ರೆಕ್ಕೆಯೊಳಗಿಂದ ಇಣುಕುವ ನೀಲಿಯನ್ನು ಅವಳು ಆ ಕಪ್ಪಿನ ಅಡಿಯಲ್ಲಿ ಕೂರಿಸಿದ್ದಳು. ಅಪ್ಪನಿಗೇ ಅದು ಕಂಡಿರಲಿಲ್ಲ. "ಕಪ್ಪು ಬಳಿಯೋಕೆ ಇಷ್ಟು ದಿನವೇನೇ?" ಎಂದು ಕೇಳಿದ್ದ. ಫೋಟೋದವನು ಏನೂ ಕೇಳಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು, ಅಷ್ಟೆ.

ವ್ಯಾನು ಶೆಡ್ಡಿನ ಬಾಯಿಗೆ ಅಡ್ಡವಾಗಿ ನಿಂತಿತ್ತು. ಅದರಾಚೆ ಉತ್ತ ಹೊಲ, ಕಣ್ಣು ಕುಕ್ಕುವ ಬಿಸಿಲು. ಈಚೆ ನೆರಳಿನಲ್ಲಿ ಅವನು ಕ್ಯಾಮೆರಾ ಸ್ಟ್ಯಾಂಡು ಹೂಡಿ ಒಂದು ಫೋಟೋ ತೆಗೆದು ತೋರಿಸಿದ. ಹೊಲ ಚೆನ್ನಾಗಿ ಬಂದಿತ್ತು, ವ್ಯಾನು ಇದ್ದಿಲಾಗಿತ್ತು. ಇನ್ನೊಂದು ತೆಗೆದ. ವ್ಯಾನು ಕಂಡಿತು, ಹೊಲ ಸುಣ್ಣ ಬಳಿದಂತೆ ಬಿಳಿಚಿಕೊಂಡಿತು.

ಅವಳ ಮುಖ ಸಣ್ಣದಾಯಿತು. "ನನ್ನ ಕಣ್ಣಿಗೆ ಎರಡೂ ಕಾಣ್ತಿದೆಯಲ್ಲ?"

"ಕಣ್ಣು ದೊಡ್ಡದು. ಕ್ಯಾಮೆರಾಗೆ ಒಂದೇ ಸಲಕ್ಕೆ ಅಷ್ಟೆಲ್ಲ ಸಿಕ್ಕಲ್ಲ. ಅದಕ್ಕೇ ಎಚ್‌ಡಿಆರ್ ಮಾಡೋದು. ಕತ್ತಲಾಗಿ ಒಂದು, ಹದವಾಗಿ ಒಂದು, ಬೆಳಕಾಗಿ ಒಂದು. ಮೂರನ್ನೂ ಒಂದರ ಮೇಲೊಂದು ಕೂರಿಸಿದ್ರೆ ಎಲ್ಲಾ ಬರುತ್ತೆ."

"ಹಾಗನ್ನಿ. ಬಣ್ಣದ ಥರಾನೇ, ಕೋಟಿನ ಮೇಲೆ ಕೋಟು."

"ಹ್ಞಾಂ, ಅದೇ. ಆದ್ರೆ ಮೂರೂ ಮುಗಿಯೋವರೆಗೆ ಯಾವುದೂ ಅಲ್ಲಾಡಬಾರದು. ಅಲ್ಲಾಡಿದ್ದು ಮಸುಕಾಗುತ್ತೆ."

ಅವನು ಕೈಯಲ್ಲಿದ್ದ ರಿಮೋಟ್ ಒತ್ತಿದ. ಒಂದು ಸಲ ಟಕ್ ಎಂದಿತು. ಅಷ್ಟರಲ್ಲಿ ಬಾನೆಟ್ಟಿನ ಮೇಲೆ ಸಣ್ಣದೊಂದು ಹೊಟ್ಟು ಬಂದು ಕೂತಿತು. ಅವಳು ಬಾಣದಂತೆ ಹೋಗಿ ಹಳದಿ ಬಟ್ಟೆಯಿಂದ ಒರೆಸಿಬಿಟ್ಟಳು.

ಲ್ಯಾಪ್‌ಟಾಪಿನಲ್ಲಿ ನೋಡಿದರೆ ಬಾನೆಟ್ಟಿನ ಮೇಲೆ ಯಾರದೋ ಅರ್ಧ ಕೈ, ಹೊಗೆಯಂಥ ಹಳದಿ.

"ದೆವ್ವ ಬಂದಿದೆ," ಎಂದ ಅವನು ಗಂಭೀರವಾಗಿ.

"ಧೂಳಿದ್ರೆ ನನ್ನ ಕೈ ಸುಮ್ನಿರಲ್ಲ. ಏನ್ಮಾಡ್ಲಿ?"

"ಅಲ್ಲಿ, ಕಂಬದ ಹತ್ರ ನಿಂತ್ಕೊಳ್ಳಿ. ಬಟ್ಟೆ ಬೆನ್ನ ಹಿಂದೆ."

ನಿಂತಳು. ಮೂರು ಸಲ ಸದ್ದಾಗುವ ತನಕ ಕಾಲು ಬದಲಿಸುತ್ತಾ, ವ್ಯಾನನ್ನೇ ನೋಡುತ್ತಾ, ಉಸಿರು ಕಟ್ಟಿ.

ಎಣ್ಣೆ ಡ್ರಮ್ಮಿನ ಮೇಲಿದ್ದ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಬಾಗಿದರು. ಮೂರು ಚಿತ್ರಗಳು ಒಂದರೊಳಗೊಂದು ಇಳಿದವು. ಮೊದಲು ಹೊಲದ ಒಂದೊಂದು ಹೆಂಟೆಯೂ ನೆರಳು ಸಮೇತ ಎದ್ದು ಬಂತು. ಆಮೇಲೆ ಮೋಡದ ಅಂಚು. ಆಮೇಲೆ ಕಪ್ಪು ತೆರೆಯಿತು. ಬಾವಿಗೆ ಬಗ್ಗಿದವರಿಗೆ ಕ್ರಮೇಣ ನೀರು ಕಾಣುವಂತೆ, ಆ ಕಪ್ಪಿನ ತಳದಿಂದ ನೀಲಿ ಮೇಲಕ್ಕೆ ಬಂತು.

ತನ್ನ ಕೈಯಾರೆ ಮಾಡಿದ್ದೇ. ಆದರೂ ಎಲ್ಲಿಂದಲೋ ತಾನಾಗಿ ಬಂದದ್ದರಂತೆ ಕಂಡಿತು. ಬೆರಳು ಮುಂದೆ ಮಾಡಿ, ಮುಟ್ಟಲಾರದೆ ಹಿಂದೆ ಎಳೆದುಕೊಂಡಳು.

"ಕಾಗೆ ರೆಕ್ಕೆ," ಎಂದ ಅವನು ಮೆಲ್ಲಗೆ.

"ನಿಮಗೆ ಹೇಗೆ ಗೊತ್ತು?"

"ಎರಡನೇ ಕೋಟಿನ ದಿನಾನೇ ಕಂಡಿತ್ತು. ಹೇಳೋಕೆ ಧೈರ್ಯ ಬರಲಿಲ್ಲ. ಸ್ಯಾಂಡ್‌ಪೇಪರ್ ನೆನಪಾಯ್ತು."

ನಗು ತಡೆಯಲು ಅವಳು ಮತ್ತೆ ಚಿತ್ರಕ್ಕೆ ಬಾಗಿದಳು. ಆಗ ಚಿತ್ರದೊಳಗೆ, ವ್ಯಾನಿನ ಬಾಗಿಲಲ್ಲಿ ಯಾರೋ ಕಂಡರು. ಅವಳೇ ಕನ್ನಡಿಯಾಗುವಷ್ಟು ತಿಕ್ಕಿದ ಬಾಗಿಲು ಅದು. ಕಂಬದ ಪಕ್ಕ ಒಂದು ಮಸುಕು. ಅದು ತಾನು, ಕಾಲು ಬದಲಿಸುತ್ತಿದ್ದವಳು. ಸ್ಟ್ಯಾಂಡಿನ ಪಕ್ಕ ಅವನು. ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಮುಖ ಕ್ಯಾಮೆರಾದ ಕಡೆಗಿರಲಿಲ್ಲ, ವ್ಯಾನಿನ ಕಡೆಗೂ ಇರಲಿಲ್ಲ. ಕಂಬದ ಕಡೆಗಿತ್ತು.

"ನೀವು ಒಂಚೂರೂ ಅಲ್ಲಾಡಿಲ್ಲ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿತ್ತು.

ಅವನ ಕಿವಿ ಕೆಂಪಾಯಿತು. "ಬಾಗಿಲಲ್ಲಿ ನಾನೂ ಕಾಣ್ತೀನಿ ಅನ್ನೋದೇ ಮರೆತುಹೋಯ್ತು. ನಿನ್ನೆ ಮೊನ್ನೆ ಕ್ಯಾಮೆರಾ ಹಿಡಿದವನೂ ಇಂಥ ತಪ್ಪು ಮಾಡಲ್ಲ. ಇವತ್ತು ಗಾಡಿ ಹೋಗುತ್ತೆ. ಇನ್ನು ಯಾವ ನೆಪ ಹೇಳ್ಕೊಂಡು ಇಲ್ಲಿಗೆ ಬರೋದು ಅಂತ ಬೆಳಿಗ್ಗೆಯಿಂದ ಅದೇ ಯೋಚನೆ." ಕೈ ಕೀಬೋರ್ಡಿಗೆ ಹೋಯಿತು. "ಅಳಿಸಿಬಿಡ್ತೀನಿ, ಒಂದು ಗಳಿಗೆ ಕೆಲಸ."

ಅವಳು ಅವನ ಕೈ ಮೇಲೆ ಕೈಯಿಟ್ಟಳು. "ನನ್ನ ಬಾಗಿಲು ಅದು. ಅದರಲ್ಲಿ ಯಾರಿರಬೇಕು ಅಂತ ನಾನು ಹೇಳ್ತೀನಿ."

ಹೊರಗಿನಿಂದ ಹಾಲಿನಜ್ಜ ಕೂಗಿದ. "ಏನಮ್ಮ, ಮುಗೀತಾ? ನನ್ನ ಹಸುಗಳು ನಿಮ್ಮ ಫೋಟೋಗೆ ಕಾಯಲ್ಲ!"

"ಇನ್ನೊಂದೇ ಒಂದು, ಅಜ್ಜ," ಎಂದು ಕೂಗಿ, ಫೋಟೋದವನು ತನ್ನ ಬಿಂಬ ಬಾಗಿಲಲ್ಲಿ ಬೀಳದಂತೆ ಸ್ಟ್ಯಾಂಡನ್ನು ಓರೆಯಾಗಿ ಹೂಡಿದ. "ನೀವು ಸ್ವಲ್ಪ..."

ಅಭ್ಯಾಸಬಲದಿಂದ ಅವಳು ಕಂಬದ ಕಡೆ ಹೊರಟಳು.

"ಅಲ್ಲಲ್ಲ. ಗಾಡಿ ಹತ್ರ. ಗಾಡಿ ಒಂದೇ ಇದ್ರೆ ಚೆನ್ನಾಗಿರಲ್ಲ."

"ನಾನು ಅವತ್ತೇ ಹೇಳಿದ್ದೆ ಕಣಪ್ಪಾ," ಎಂದ ಅಪ್ಪ ಒಳಗಿನಿಂದ. ಅವನು ಹಾಗೇನೂ ಹೇಳಿರಲಿಲ್ಲ.

ಅವಳು ಬಾಗಿಲಿಗೆ ಬೆನ್ನು ತಾಗಿಸಿ ನಿಂತಳು. ಮೊದಲ ಸದ್ದಾಯಿತು. ಹೊಲದ ಕಡೆಯಿಂದ ಗಾಳಿ ಬೀಸಿ, ಕಣ್ಣೆದುರಿಗೇ ಬಾನೆಟ್ಟಿನ ಮೇಲೆ ಧೂಳು ಇಳಿಯತೊಡಗಿತು. ಕೈಯಲ್ಲಿ ಹಳದಿ ಬಟ್ಟೆ ಇತ್ತು.

ಅವಳು ಅವನನ್ನೇ ನೋಡುತ್ತಾ ನಿಂತಳು. ಎರಡನೆಯದಾಯಿತು, ಮೂರನೆಯದೂ ಆಯಿತು. ಅವಳು ಅಲ್ಲಾಡಲಿಲ್ಲ.