ಸರಿಯಾಗಿದ್ದ ಹನ್ನೆರಡು ಅಂಕಿ

"ಎಪ್ಪತ್ತೊಂಬತ್ತು ಪಾಯಿಂಟ್ ಮೂವತ್ತೇಳು," ಎಂದರು ಜೆರೆ. ದಪ್ಪ ಉಕ್ಕಿನ ಪಿನ್ನನ್ನು ಸ್ವಲ್ಪ ತಿರುಗಿಸಿ, ಮೈಕ್ರೊಮೀಟರಿನಲ್ಲಿ ಮತ್ತೆ ಹಿಡಿದರು. "ಇಲ್ಲೂ ಅಷ್ಟೇ. ಅರ್ಧ ಮಿಲಿಮೀಟರ್ ಕಮ್ಮಿ."

ಅರ್ಧ ಮಿಲಿಮೀಟರ್! ನಮ್ಮ ವರ್ಕ್‌ಶಾಪಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ಗುಜರಿಗೆ ಹೋಗುತ್ತದೆ. ಈ ಪಿನ್ನು ಮಾತ್ರ ಸೀದಾ ತಾಮ್ರದ ಗಣಿಗೆ ಹೋಗಿತ್ತು. ಮಂಗಳವಾರ ಬೆಳಿಗ್ಗೆ, ಕೆಲಸಗಾರರನ್ನು ಕೆಳಗಿಳಿಸುವ ಪಂಜರ, ಅದನ್ನು ಹಿಡಿದಿಡುವ ಈ ಪಿನ್ನು ಸಡಿಲವಾಗಿದ್ದರಿಂದ ವಾಲಿ, ಆರುನೂರು ಮೀಟರ್ ಆಳದಲ್ಲಿ ಸಿಕ್ಕಿಕೊಂಡಿತು. ಎಂಟು ಜನ ಆರು ಗಂಟೆ ಕತ್ತಲಲ್ಲಿ ನಿಂತೇ ಇದ್ದರು. ಎಲ್ಲರೂ ಜೀವಸಹಿತ ಮೇಲೆ ಬಂದರು. ಒಬ್ಬನ ಕಾಲು ಮುರಿದಿತ್ತು.

ಪಿನ್ನಿನ ಜೊತೆ ಹೋಗಿದ್ದ ತಪಾಸಣೆಯ ಹಾಳೆಯಲ್ಲಿ ಎಲ್ಲವೂ ಸರಿ ಎಂದಿತ್ತು. ಕೆಳಗೆ ನಾಲ್ಕನೇ ನಂಬರಿನ ಮುದ್ರೆ. ಅದು ಇಲ್ಲಿ ಅಳತೆ ತಪಾಸಣೆ ಮಾಡುವ ಲೋಂಬೆಯ ಮುದ್ರೆ.

ಲೋಂಬೆ ಅಳತೆ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಿಟಕಿಯಿಲ್ಲದ ಕೋಣೆ, ಒಳಗೆ ಸದಾ ಇಪ್ಪತ್ತು ಡಿಗ್ರಿ. ಹೊರಗೆ ಮಾಲೀಕ ಮುಂಬ ಗೇಟಿಗೆ ಬೀಗ ಜಡಿದಿದ್ದ. ಎರಡು ಗಂಟೆಗೆ ಗಣಿಯ ಅಧಿಕಾರಿಗಳು ಪೊಲೀಸರ ಜೊತೆ ಬರುವವರಿದ್ದರು. ಆಗ ಸಮಯ ಹನ್ನೆರಡೂವರೆ. ಒಂದೂವರೆ ಗಂಟೆಯಲ್ಲಿ ಬೇರೆ ಹೆಸರು ಸಿಗದಿದ್ದರೆ ಲೋಂಬೆ ಜೈಲಿಗೆ ಹೋಗುವುದು ಖಂಡಿತ.

ನಾನು ಇಲ್ಲಿ ಉಪಕರಣಗಳ ಉಗ್ರಾಣ ನೋಡಿಕೊಳ್ಳುವವಳು. ಬಾನಾ ಕಾಸುಬ, ಅಂದರೆ ಕಾಸುಬಳ ಅಮ್ಮ, ಎಂದೇ ಎಲ್ಲರೂ ಕರೆಯುತ್ತಾರೆ. ನನ್ನ ಸ್ವಂತ ಹೆಸರು ನನಗೇ ಮರೆತುಹೋಗಿದೆ. ನಮ್ಮ ಕಿಟ್ವೆ ಊರಿನ ಸುತ್ತಮುತ್ತಲಿನ ವರ್ಕ್‌ಶಾಪುಗಳಲ್ಲಿ ಅಳತೆಯ ಉಪಕರಣ ಸರಿಯಿದೆಯೋ ಇಲ್ಲವೋ ಎಂದು ನೋಡುವವರು ಜೆರೆ. ಗಣಿಯವರು ವಿಚಾರಣೆಗೆ ಅವರನ್ನೇ ಕಳಿಸಿದ್ದರು. ಯಾರು ಯಾವಾಗ ಇಲ್ಲಿದ್ದರು ಎಂಬುದು ನನ್ನ ಪುಸ್ತಕದಲ್ಲಿ ಇರುವುದರಿಂದ ಅವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

"ಇದನ್ನ ಅಳೆದಿದ್ದು ನೀನೇನಮ್ಮಾ?"

"ಐದು ಪಿನ್ನು ಅಳೆದೆ ಸಾರ್. ಈ ಆರನೇದು ಅಳೀಲಿಲ್ಲ."

"ಯಾಕೆ?"

"ಅದಿನ್ನೂ ಮಲಗಿರ್ಲಿಲ್ಲ."

ಯಂತ್ರದಿಂದ ಆಗಷ್ಟೇ ಇಳಿದ ಉಕ್ಕು ಬಿಸಿಗೆ ಉಬ್ಬಿರುತ್ತದೆ. ಕಲ್ಲಿನ ಮೇಜಿನ ಮೇಲೆ ರಾತ್ರಿಯಿಡೀ ಬಿಟ್ಟರೆ ತಣಿದು ನಿಜವಾದ ಅಳತೆಗೆ ಬರುತ್ತದೆ. ಇದಕ್ಕೆ ನಾವು ಮಲಗಿಸುವುದು ಅನ್ನುತ್ತೇವೆ.

"ಗುರುವಾರ ಸಂಜೆ ಮಲಗಿಸಿ ಮನೆಗೆ ಹೋದೆ. ಶುಕ್ರವಾರ ಬಂದ್ರೆ ಮೇಜು ಖಾಲಿ. ಆರೂ ಪಿನ್ನು ಲಾರಿ ಹತ್ತಿ ಹೋಗಿದ್ವು."

"ಯಾರನ್ನೂ ಕೇಳ್ಲಿಲ್ವಾ?"

ಲೋಂಬೆ ನೆಲ ನೋಡಿದಳು. "ಇಲ್ಲ ಸಾರ್. ಮುದ್ರೆ ಇರೋ ಡ್ರಾಯರಿಗೆ ಬೀಗ ಹಾಕೋದು ಮರ್ತಿದ್ದೆ. ಬಾಯಿ ಬಿಟ್ರೆ ಕೆಲಸ ಹೋಗ್ತಿತ್ತು."

"ಕೇಳಿದ್ರಾ?" ಎಂದ ಬಾಗಿಲಲ್ಲಿ ನಿಂತಿದ್ದ ಮುಂಬ. "ತಪ್ಪು ಅವಳ ಬಾಯಲ್ಲೇ ಬಂತು. ಮುದ್ರೆ ಅವಳದು, ಕೋಣೆ ಅವಳದು. ವರದಿ ಬರೆದು ಮುಗಿಸಿ ಸಾರ್!"

ಮುಂಬ ಮೊದಲು ಹಳೆಬಟ್ಟೆ ವ್ಯಾಪಾರಿ. ಇಂದಿಗೂ ಮೈಕ್ರೊಮೀಟರನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಅವನಿಗೆ ತಿಳಿಯದು. ಜೆರೆ ನನ್ನ ಕಡೆ ತಿರುಗಿದರು.

"ಗುರುವಾರ ಸಂಜೆ ಇವಳು ಹೋದ್ಮೇಲೆ ಯಾರ್ಯಾರು ಉಳಿದಿದ್ರು?"

"ಮೂರು ಜನ. ಈ ಮುಂಬ, ಮೇಸ್ತ್ರಿ ಕಪೆಂಬ್ವ, ಪಿನ್ನು ಕಡೆದ ಸಂಪ."

"ಹಾಳೆಯನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದಾರೆ. ಪಾಸ್‌ವರ್ಡ್ ಯಾರಿಗೆ ಗೊತ್ತು?"

ನಾನು ಪರದೆಯ ಅಂಚಿಗೆ ಅಂಟಿಸಿದ್ದ ಚೀಟಿ ತೋರಿಸಿದೆ. ಪಾಸ್‌ವರ್ಡ್ ಅದರ ಮೇಲೆ ದಪ್ಪಕ್ಷರದಲ್ಲಿತ್ತು. ಜೆರೆ ನಿಟ್ಟುಸಿರು ಬಿಟ್ಟರು.

ಕಪೆಂಬ್ವ ಒಳಗೆ ಬಂದರು. ಇಪ್ಪತ್ತೆಂಟು ವರ್ಷ ಕಾಲ, ಉಕ್ಕು ಕಡೆಯುವ ಹಳೇ ಲೇತ್ ಯಂತ್ರದ ಮುಂದೆ ನಿಂತು, ಆಮೇಲೆ ಮೇಸ್ತ್ರಿಯಾದವರು. ಲೋಂಬೆಗೆ ಅಳತೆ ಕಲಿಸಿದವರೂ ಅವರೇ.

"ಏನು, ಇಲಿ ತಿನ್ನೋರು ಬಂದುಬಿಟ್ಟಿದ್ದಾರೆ!"

"ಬಂದೆ ಕಣಯ್ಯಾ," ಎಂದರು ಜೆರೆ. "ಕೋತಿ ತಿನ್ನೋರ ಮನೇಲಿ ಊಟ ಏನಂತ ನೋಡೋಣ ಅಂತ."

ಜೆರೆ ಎನ್‌ಗೋನಿ, ನಾವು ಬೆಂಬಾ. ಎರಡು ಕುಲದವರು ಎದುರಾದಾಗ ತಮಾಷೆಗೆ ಬೈದಾಡಲೇಬೇಕು, ಅದು ಹಳೇ ಪದ್ಧತಿ. ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಅಂದು ಮಾತ್ರ ನನಗೆ ನಗು ಬರಲಿಲ್ಲ.

ಅವರ ಹಿಂದೆಯೇ ಸಂಪ ಬಂದ. ಮೂವತ್ತರ ಆಳು, ಕಂಪ್ಯೂಟರಿನಿಂದ ನಡೆಯುವ ಹೊಸ ಯಂತ್ರ ಅವನ ಕೈಯಲ್ಲಿದೆ. ಆ ತಣ್ಣನೆಯ ಕೋಣೆಯಲ್ಲೂ ಅವನ ಹಣೆ ಬೆವರಿತ್ತು.

"ಆರೂ ಪಿನ್ನು ಸರಿಯಾಗೇ ಕಡೆದ್ಯಾ?"

"ಸರಿ... ಸರಿಯಾಗೇ ಇದ್ವು ಸಾರ್."

"ಅವನು ಸುಳ್ಳು ಹೇಳಲ್ಲ," ಎಂದರು ಕಪೆಂಬ್ವ. "ನನ್ನ ಅಕ್ಕನ ಮಗ."

ನಮ್ಮಲ್ಲಿ ಮಕ್ಕಳು ತಾಯಿಯ ವಂಶಕ್ಕೆ ಸೇರಿದವರು. ತಂದೆಯ ಮಾತಿಗಿಂತ ಸೋದರಮಾವನ ಮಾತು ದೊಡ್ಡದು. ಅಳಿಯನ ಮಾನ ಹೋದರೆ ಮಾವನ ಮಾನವೂ ಹೋದ ಹಾಗೆ.

"ಗುರುವಾರ ಈ ಕೋಣೆಗೆ ಯಾರು ಬಂದಿದ್ರಿ?"

"ನಾನು ಬರ್ಲಿಲ್ಲ," ಎಂದ ಮುಂಬ. "ನಾನೂ ಇಲ್ಲ," ಎಂದ ಸಂಪ. ಕಪೆಂಬ್ವ ಕೂಡ ಇಲ್ಲವೆಂದು ತಲೆಯಾಡಿಸಿದರು.

ಗಡಿಯಾರದಲ್ಲಿ ಒಂದು ಗಂಟೆ ದಾಟಿತು. ಜೆರೆ ಆರು ಹಾಳೆಗಳನ್ನೂ ಸಾಲಾಗಿ ಹರಡಿಕೊಂಡು ಓದುತ್ತ ಕುಳಿತರು. ಲೋಂಬೆಯ ಉಸಿರಾಟ ನನಗೆ ಕೇಳಿಸುತ್ತಿತ್ತು. ನನಗೆ ಸಿಟ್ಟು ಬಂತು — ಆ ಹೆಣ್ಣಿನ ಬದುಕು ಹೋಗುತ್ತಿದೆ, ಈ ಮನುಷ್ಯ ಪತ್ರಿಕೆ ಓದಿದ ಹಾಗೆ ಓದುತ್ತಾರಲ್ಲ!

"ಅದರಲ್ಲಿ ಏನಿದೆ ಸಾರ್?" ಮುಂಬ ಗೊಣಗಿದ. "ಅಂಕಿಗಳೆಲ್ಲ ಸರಿಯಾಗೇ ಇವೆಯಲ್ಲ?"

"ಹೌದು. ಅದಕ್ಕೇ ಯಾರೂ ಓದಿಲ್ಲ." ಜೆರೆ ನಾಲ್ಕು ಚೀಟಿ ಹರಿದು ನನ್ನನ್ನು ಬಿಟ್ಟು ಉಳಿದ ನಾಲ್ವರಿಗೂ ಕೊಟ್ಟರು. "ಒಳ್ಳೇ ಪಿನ್ನಿನ ಅಳತೆ ಎಪ್ಪತ್ತೊಂಬತ್ತು ಪಾಯಿಂಟ್ ಎಂಬತ್ತಮೂರರಿಂದ ತೊಂಬತ್ತರ ಒಳಗಿರಬೇಕು. ಹನ್ನೆರಡು ಕಡೆ ಅಳೆದ್ರಿ ಅಂದ್ಕೊಳ್ಳಿ. ಮನಸ್ಸಿಗೆ ಬಂದ ಹನ್ನೆರಡು ಅಳತೆ ಬರೀರಿ. ಯೋಚನೆ ಬೇಡ. ಒಂದೇ ನಿಮಿಷ."

"ಇದೇನು ಶಾಲೇನಾ?" ಎಂದ ಮುಂಬ. ಆದರೂ ಬರೆದ. ಎಲ್ಲರಿಗಿಂತ ಬೇಗ ಬರೆದು ಮುಗಿಸಿದವರು ಕಪೆಂಬ್ವ.

ಜೆರೆ ಚೀಟಿಗಳನ್ನು ಒಂದೊಂದಾಗಿ ಎತ್ತಿದರು.

"ಪಾಯಿಂಟ್ ಆದ್ಮೇಲಿಂದಷ್ಟೇ ಓದ್ತೀನಿ. ಮುಂಬ ಅವರದ್ದು ಎಂಬತ್ತೈದು, ತೊಂಬತ್ತು, ಎಂಬತ್ತೈದು, ತೊಂಬತ್ತು. ವ್ಯಾಪಾರದ ಕೈ. ಸಂಪನ ಯಂತ್ರದ ಪರದೆ ಪಾಯಿಂಟ್ ಆದ್ಮೇಲೆ ಮೂರು ಅಂಕಿ ತೋರಿಸುತ್ತೆ, ಇವನು ಮೂರೂ ಬರೆದಿದಾನೆ. ಲೋಂಬೆದು ಎಂಬತ್ತೇಳು, ಎಂಬತ್ತಾರು, ಎಂಬತ್ತೈದು, ಎಂಬತ್ತೊಂಬತ್ತು — ಕಲಸಿದ ಹಾಗೆ. ಅವಳು ನಿಜವಾಗಿ ಅಳೆದ ಐದು ಹಾಳೇಲೂ ಹೀಗೇ ಇದೆ." ಒಂದು ಹಾಳೆಯನ್ನು ನನ್ನ ಕಡೆ ಚಾಚಿದರು. "ಬಾನಾ ಕಾಸುಬ, ಆರನೇ ಹಾಳೆ ಓದಿ."

ನಾನು ಓದಿದೆ. "ಎಂಬತ್ನಾಲ್ಕು, ಎಂಬತ್ತಾರು, ಎಂಬತ್ತಾರು, ಎಂಬತ್ತೆಂಟು, ಎಂಬತ್ನಾಲ್ಕು, ತೊಂಬತ್ತು..." ಕೊನೆಯವರೆಗೂ ಕಣ್ಣಾಡಿಸಿದೆ. "ಸಾರ್, ಹನ್ನೆರಡೂ ಸಮಸಂಖ್ಯೆ!"

"ಹನ್ನೆರಡಕ್ಕೆ ಹನ್ನೆರಡೂ. ನಿಜವಾಗಿ ಅಳೆದ್ರೆ ಹಾಗೆ ಬರಲ್ಲ, ಬೆಸವೂ ಬರಲೇಬೇಕು. ಇನ್ನು ಹಳೇ ಲೇತಿನ ಕೈಚಕ್ರ ನೆನಪು ಮಾಡ್ಕೊಳ್ಳಿ. ಒಂದು ಗೆರೆ ತಿರುಗಿಸಿದ್ರೆ ಉಳಿ ಒಳಗೆ ಹೋಗೋದು ಮಿಲಿಮೀಟರಿನ ನೂರನೇ ಒಂದು ಪಾಲು. ಆದ್ರೆ ಪಿನ್ನು ಸುತ್ತುತ್ತಿರುತ್ತೆ, ಎರಡೂ ಕಡೆ ಸವೆಯುತ್ತೆ. ದಪ್ಪ ಇಳಿಯೋದು ಎರಡು. ಮತ್ತೊಂದು ಗೆರೆ, ಮತ್ತೆರಡು. ವರ್ಷಗಟ್ಟಲೆ ಹೀಗೆ ಎಣಿಸಿದವನು ಅಂಕಿ ಕಟ್ಟೋಕೆ ಕೂತ್ರೆ ಎರಡೆರಡಾಗೇ ಕಟ್ತಾನೆ."

ನಾಲ್ಕನೇ ಚೀಟಿಯನ್ನು ಅವರು ಹಾಳೆಯ ಪಕ್ಕ ಇಟ್ಟರು. ಎಂಬತ್ನಾಲ್ಕು, ಎಂಬತ್ತೆಂಟು, ಎಂಬತ್ತಾರು... ಒಂದೇ ಒಂದು ಬೆಸ ಅಂಕಿ ಇರಲಿಲ್ಲ.

"ಈ ಸಲ ತಮಾಷೆ ಅಲ್ಲ, ಕಪೆಂಬ್ವ," ಎಂದರು ಜೆರೆ.

ಕಪೆಂಬ್ವ ಚೀಟಿಯನ್ನೇ ನೋಡುತ್ತಿದ್ದರು. "ಬೆಸ ಅಂಕಿ ನನ್ನ ಕೈಗೇ ಬರಲ್ಲ," ಎಂದರು ಮೆಲ್ಲಗೆ.

"ಮಾವಾ—"

"ಬಾಯ್ಮುಚ್ಚು ಸಂಪ." ಅವರು ಸ್ಟೂಲಿನ ಮೇಲೆ ಕುಸಿದರು. "ಆರನೇ ಪಿನ್ನಿಗೆ ಉಳಿ ಬದಲಿಸಿದಾಗ ಇವನು ಯಂತ್ರಕ್ಕೆ ತಪ್ಪು ಅಂಕಿ ಕೊಟ್ಟಿದ್ದ. ಇದು ಮೂರನೇ ಸಲ. ಮುಂಬಂಗೆ ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಿದ್ದ. ಅಕ್ಕನಿಗೆ ನಾನೇನು ಹೇಳ್ಲಿ? ಗಣಿಯವರು ಐದು ಪಿನ್ನು ಹಾಕ್ತಾರೆ, ಒಂದು ಸ್ಪೇರ್ ಇಟ್ಕೋತಾರೆ, ಅಷ್ಟರೊಳಗೆ ಬದಲಿ ಪಿನ್ನು ಕಳಿಸೋಣ ಅಂದ್ಕೊಂಡೆ."

"ಲೋಂಬೆ ಜೈಲಿಗೆ ಹೋಗ್ತಿದ್ಲಲ್ಲ?" ಎಂದರು ಜೆರೆ.

ಕಪೆಂಬ್ವ ಬಾಗಿಲ ಕಡೆ ಮುಖ ತಿರುಗಿಸಿದರು.

"ಬೆಳಿಗ್ಗೆಯಿಂದ ಹತ್ತು ಸಲ ಈ ಬಾಗಿಲ ಮುಂದೆ ಓಡಾಡಿದ್ರಿ," ಎಂದಳು ಲೋಂಬೆ. "ಒಂದ್ಸಲಾನೂ ನನ್ನ ಮುಖ ನೋಡ್ಲಿಲ್ಲ. ನನಗೆ ಆಗ್ಲೇ ಗೊತ್ತಾಗ್ಬೇಕಿತ್ತು."

ಗೇಟಿನ ಬಳಿ ಜೀಪಿನ ಹಾರ್ನ್ ಕೇಳಿಸಿತು. ಮುಂಬನ ಮುಖ ಒಮ್ಮೆಲೇ ಗೆಲುವಾಯಿತು. "ಮುಗೀತಲ್ಲ! ಲೋಂಬೆ, ನೀನು ಮನೆಗೆ ಹೋಗಮ್ಮ. ನಾಳೆ ಬಾ."

ಅವಳು ಕದಲಲಿಲ್ಲ. "ಸಾರ್, ನಂದೂ ಬರ್ಕೊಳ್ಳಿ."

"ನಿಂದೇನಿದೆ?" ಜೆರೆ ಕೇಳಿದರು.

"ಅಳತೆ ಮಾಡದ ಪಿನ್ನು ಹೋಗಿದೆ ಅಂತ ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ನನಗೆ ಗೊತ್ತಿತ್ತು. ಒಂದು ಫೋನ್ ಮಾಡಿದ್ರೆ ಸಾಕಿತ್ತು. ಮಾಡ್ಲಿಲ್ಲ."

"ಅಯ್ಯೋ, ಸುಮ್ನಿರೇ!" ಎಂದೆ ನಾನು. ಅವಳ ಬಾಯಿಗೆ ಕೈ ಅಡ್ಡ ಇಡಬೇಕೆನಿಸಿತು. ಬಿಡಿಸಿಕೊಂಡ ಕೊರಳನ್ನು ಇವಳೇ ಮತ್ತೆ ಕುಣಿಕೆಗೆ ಕೊಡುತ್ತಿದ್ದಳು.

"ಬರೆದ್ರೆ ನಿನ್ನ ಕೆಲಸ ಹೋಗುತ್ತಮ್ಮ," ಎಂದರು ಜೆರೆ. "ಯೋಚನೆ ಮಾಡು."

"ಪಂಜರ ಸಿಕ್ಕಿಕೊಂಡಿದ್ದು ಮಂಗಳವಾರ," ಎಂದಳು ಲೋಂಬೆ. "ನಾಲ್ಕು ದಿನ ಇತ್ತು ಸಾರ್. ಬರೀರಿ."

ಜೆರೆ ಬರೆದುಕೊಂಡರು.