ಪಕ್ಕದ ಸೀಟಿನ ಕೆನೆಬಣ್ಣ

“ಮೇಸ್ತ್ರಿ ಇಲ್ವಾ?” ಎಂದು ಕೇಳಿದ್ದ ಅವನು, ಮೊದಲ ದಿನ.

“ಇದ್ದಾರಲ್ಲ,” ಎಂದಳು ಅವಳು, ಕೈಯಲ್ಲಿದ್ದ ಬ್ರಷ್ ಕೆಳಗಿಡದೆ.

“ಎಲ್ಲಿ?”

“ನಿಮ್ಮೆದುರಿಗೇ.”

ಮೂಲೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದ ಚಿಕ್ಕಮ್ಮ ಕಿಸಕ್ಕನೆ ನಕ್ಕರು. ಅವನ ಕಿವಿಗಳು ಕೆಂಪಾದವು. ಹಳೆಯ ಕಾರುಗಳ ಸೀಟು, ಡ್ಯಾಶ್‌ಬೋರ್ಡು, ಬಾಗಿಲ ಒಳಮೈ ಸರಿಪಡಿಸುವ ಆ ಪುಟ್ಟ ಅಂಗಡಿ ಅವಳದು. ಅಪ್ಪನಿಂದ ಕಲಿತ ಕೆಲಸ.

“ಅಮ್ಮನ ಕಾರು ಇದು. ಅಮ್ಮ ಹೋದಮೇಲೆ ಬಿಸಿಲಲ್ಲೇ ನಿಂತಿತ್ತು. ಒಳಗಿನ ವಿನೈಲ್ ಹೊದಿಕೆ ಎಲ್ಲಾ ಹಳದಿ ತಿರುಗಿದೆ. ಬೆಳ್ಳಗೆ ಮಾಡಿಕೊಡಿ.”

“ಇದು ಯಾವತ್ತೂ ಬೆಳ್ಳಗಿರಲಿಲ್ಲ.”

ಅವಳು ಹಿಂದಿನ ಸೀಟು ಎತ್ತಿ ಟಾರ್ಚ್ ಬಿಟ್ಟಳು. ಬಿಸಿಲು ಕಾಣದ ಮಡಿಕೆಯೊಳಗೆ ಬೆರಳಗಲದ ಪಟ್ಟಿಯೊಂದು ಹಾಲಿನ ಕೆನೆಯ ಬಣ್ಣದಲ್ಲಿ ಹಾಗೇ ಉಳಿದಿತ್ತು. ಅವನು ಬಗ್ಗಿ ನೋಡಿದ. ಒಂದು ಬೆರಳಿನಿಂದ ಮುಟ್ಟಿದ.

“ಹೌದು... ಹೀಗೇ ಇತ್ತು. ನಾನು ಮರೆತೇಬಿಟ್ಟಿದ್ದೆ.”

ಆ ದನಿ ಕೇಳಿ ಅವಳು ಟಾರ್ಚನ್ನು ಬೇಗ ಆರಿಸಲಿಲ್ಲ.

ಅಂದಿನಿಂದ ಆಫೀಸು ಬಿಟ್ಟವನು ನೇರ ಅಂಗಡಿಗೇ ಬರುತ್ತಿದ್ದ. ಅವಳು ತುಂಡು ವಿನೈಲಿನ ಮೇಲೆ ಬಣ್ಣ ಹಚ್ಚಿ, ಆ ಪಟ್ಟಿಯ ಪಕ್ಕ ಹಿಡಿದು, ತಲೆಯಾಡಿಸಿ, ಮತ್ತೆ ಕಲೆಸುವುದನ್ನು ನೋಡುತ್ತ ಕೂರುತ್ತಿದ್ದ. ಚಿಕ್ಕಮ್ಮ ಅವನಿಗೆ ‘ಕಾರ್ ಸಾಹೇಬ’ ಎಂದು ಹೆಸರಿಟ್ಟರು.

ಕಾರಿನ ಬಾಗಿಲ ಬಳಿ ಮೊಣಕಾಲೂರಿ ಕೆಲಸ ಮಾಡುವಾಗ ಸಿಮೆಂಟು ನೆಲ ಅವಳಿಗೆ ಒತ್ತುತ್ತಿತ್ತು. ಒಂದು ಸಂಜೆ ಅವನು ತನ್ನ ಟವಲನ್ನು ನಾಲ್ಕಾಗಿ ಮಡಿಸಿ ಅವಳ ಮೊಣಕಾಲ ಪಕ್ಕ ಸರಿಸಿದ. ಮಾರನೆಯ ದಿನವೂ ಸರಿಸಿದ. ಅದರ ಮಾತು ಮಾತ್ರ ಇಬ್ಬರೂ ಆಡಲಿಲ್ಲ.

ಅವಳು ಡ್ಯಾಶ್‌ಬೋರ್ಡು ಉಜ್ಜುವಾಗ ಅವನು ಹಿಂದಿನ ಸೀಟಿನಲ್ಲಿರುತ್ತಿದ್ದ. ಒಮ್ಮೆ ಒಳಗಿನ ಕನ್ನಡಿಯಲ್ಲಿ ಇಬ್ಬರ ಕಣ್ಣುಗಳೂ ಸಿಕ್ಕಿಬಿದ್ದವು. ಅವಳು ತಟ್ಟನೆ ಕನ್ನಡಿಯನ್ನೇ ಒರೆಸತೊಡಗಿದಳು.

“ಸಾಕು ಬಿಡಿ, ಸವೆದುಹೋಗುತ್ತೆ,” ಎಂದ ಅವನು.

“ಧೂಳಿತ್ತು.”

“ಧೂಳಲ್ಲ, ನಾನಿದ್ದೆ.”

ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ಅದೂ ಕನ್ನಡಿಯಲ್ಲಿ ಕಂಡಿತು.

ಉಳಿದದ್ದು ಡ್ರೈವರ್ ಪಕ್ಕದ ಮುಂದಿನ ಸೀಟು ಮತ್ತು ಅದರ ಬಾಗಿಲು.

“ಮುಗಿದಮೇಲೆ ಮೊದಲ ರೌಂಡಿಗೆ ಇಲ್ಲಿ ನೀವೇ ಕೂರಬೇಕು,” ಎಂದ ಅವನು. “ಅಕ್ಕನಿಗೆ ನಿಮ್ಮ ವಿಷಯ ಎಲ್ಲಾ ಹೇಳಿದೀನಿ.”

“ಎಲ್ಲಾ ಅಂದ್ರೆ?”

“ಎಲ್ಲಾ ಅಂದ್ರೆ... ಎಲ್ಲಾ.”

ಆ ಶನಿವಾರ ಅವಳು ಸೀಟನ್ನೂ ಬಾಗಿಲನ್ನೂ ಸೋಪುನೀರಿನಲ್ಲಿ ಮೆತ್ತಗೆ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ಜಿಡ್ಡಿನ ಸುಳಿವೂ ಇಲ್ಲದಂತೆ ಮಾಡಿದಳು. ರಾತ್ರಿ ಕಾರು ನಿಲ್ಲಿಸಲು ಅಂಗಡಿಯಲ್ಲಿ ಜಾಗವಿರಲಿಲ್ಲ. ಕೀ ಕೊಡುತ್ತ, “ಈ ಕಡೆ ಕೈ ಕೂಡ ತಾಗಿಸಬೇಡಿ. ಸೋಮವಾರ ಬಣ್ಣ,” ಎಂದಳು.

“ಅಪ್ಪಣೆ ಮೇಸ್ತ್ರೀ,” ಎಂದ ಅವನು.

ಸೋಮವಾರ ಬಾಗಿಲ ಮೇಲೆ ಬಣ್ಣದ ಮೊದಲ ಪದರ ಬಿದ್ದದ್ದೇ, ಅದು ನಿಲ್ಲದೆ ಸರಿದುಕೊಂಡಿತು. ಅಲ್ಲಲ್ಲಿ ದುಂಡಗೆ ಬಾಯಿ ಬಿಟ್ಟು, ಒಳಗಿನ ಹಳದಿ ಇಣುಕಿತು. ಅವಳು ಸ್ಪ್ರೇ ನಿಲ್ಲಿಸಿದಳು. ಹೊಳಪಿನ ಪಾಲಿಶ್ ಸವರಿದ ಕಡೆ ಬಣ್ಣ ಹೀಗೇ ಓಡುತ್ತದೆ.

“ಇದಕ್ಕೆ ಏನು ಹಚ್ಚಿದ್ರಿ?”

“ಏನೂ ಇಲ್ವಲ್ಲ.”

“ಏನು ಹಚ್ಚಿದ್ರಿ ಅಂದೆ.”

ಅವನು ನೆಲ ನೋಡಿದ. “ನಿನ್ನೆ ಅಕ್ಕ ಬಂದಿದ್ಲು, ಅವಳ ಸ್ನೇಹಿತರ ಜೊತೆ. ಈ ಕಡೆ ಮಂಕಾಗಿ ಕಾಣ್ತಿತ್ತು. ಹೊಳೀಲಿ ಅಂತ ಒಂಚೂರು ಪಾಲಿಶ್...”

“ಅಷ್ಟೇನಾ? ಹೇಳೋದಲ್ವಾ.” ಅವಳಿಗೆ ಸಮಾಧಾನವೇ ಆಯಿತು. “ಅಕ್ಕ ಏನಂದ್ರು?”

“ಡ್ಯಾಶ್‌ಬೋರ್ಡ್ ಮುಟ್ಟಿ ಅತ್ತುಬಿಟ್ಲು. ಅಮ್ಮನ ಕಾರು ಹೀಗೇ ಇತ್ತು ಕಣೋ, ಯಾರು ಮಾಡಿದ್ದು ಅಂದ್ಲು.”

“ನೀವೇನಂದ್ರಿ?”

ಚಿಕ್ಕಮ್ಮನ ಮಿಷನ್ ನಿಂತಿತು.

“ಯಾರೋ... ಅಂಗಡಿಯವರು ಅಂದೆ.”

“ಎಲ್ಲಾ ಹೇಳಿದೀನಿ ಅಂದಿದ್ರಿ.”

ಅವನ ಕಿವಿಗಳು ಮತ್ತೆ ಕೆಂಪಾದವು.

ಅವಳು ಕೂಗಾಡಲಿಲ್ಲ. ಮೊಣಕಾಲ ಕೆಳಗಿನ ಟವಲ್ ಎಳೆದು, ಧೂಳು ಕೊಡವಿ, ನಾಲ್ಕಾಗಿ ಮಡಿಸಿ ಅವನ ಕೈಗಿಟ್ಟಳು. “ಕಾರು ಇಲ್ಲೇ ಬಿಟ್ಟುಹೋಗಿ. ಪಕ್ಕದ ಗ್ಯಾರೇಜಲ್ಲಿ ನಿಲ್ಲಿಸ್ತೀನಿ. ಆದಾಗ ಫೋನ್ ಮಾಡ್ತೀನಿ.”

ಅವನು ಹೋದಮೇಲೆ ಬರಿಯ ಸಿಮೆಂಟಿನ ಮೇಲೆ ಮೊಣಕಾಲೂರಿ ಬಾಗಿಲನ್ನು ಮೊದಲಿಂದ ತೊಳೆಯತೊಡಗಿದಳು. ಚಿಕ್ಕಮ್ಮ ತಾವು ಕೂತಿದ್ದ ದಿಂಬು ತಂದು ಅವಳ ಪಕ್ಕ ಇಟ್ಟರು.

“ಬೈದುಬಿಡೆ ಒಂದ್ಸಲ. ಎದೆ ಹಗುರ ಆಗುತ್ತೆ.”

“ಯಾರನ್ನ ಬೈಲಿ ಚಿಕ್ಕಮ್ಮ? ಟವಲ್ ಮಡಿಸಿ ಇಡ್ತಿದ್ದವರೂ ಅವರೇ. ಯಾರೋ ಅಂದವರೂ ಅವರೇ. ಯಾವುದು ಸುಳ್ಳು ಅಂತ ಗೊತ್ತಾದ್ರೆ ಬೈಬಹುದಿತ್ತು.”

ತೊಳೆದ ಬಾಗಿಲ ಮೇಲೆ ಕಣ್ಣೀರು ಬೀಳದಂತೆ ಮುಖ ಆಚೆ ತಿರುಗಿಸಿದಳು. ಕೆಲಸ ಕೆಡಿಸುವುದು ಅವಳ ಕೈಗೆ ಬರುತ್ತಿರಲಿಲ್ಲ. ತೆಳ್ಳಗೆ ಪದರದ ಮೇಲೆ ಪದರ ಬಿಟ್ಟಳು. ಆ ಸೀಟು ಉಳಿದೆಲ್ಲಕ್ಕಿಂತ ಚೆನ್ನಾಗಿ ಬಂತು. ಅದನ್ನು ನೋಡಿದಾಗಲೇ ಅವಳಿಗೆ ಹೆಚ್ಚು ನೋವಾಯಿತು.

ಕಾರು ಒಯ್ಯಲು ಬಂದಾಗ ಅವನು ಪಕ್ಕದ ಬಾಗಿಲು ತೆರೆದು ನಿಂತ. ಅವಳು ಕೀ ಕೊಟ್ಟು ಒಳಗೆ ಹೋದಳು.

ಅದೇ ವಾರ, ಒಂದು ಮಧ್ಯಾಹ್ನ ಅಪರಿಚಿತ ಹೆಂಗಸೊಬ್ಬರು ಅಂಗಡಿಗೆ ಬಂದರು. ಕಿವಿಗಳು ಥೇಟ್ ಅವನವೇ.

“ಮೇಸ್ತ್ರಿ ನೀವೇ ಅಲ್ವಾ?” ಎಂದರು.

ಅವಳು ತಲೆಯಾಡಿಸಿದಳು.

“ನಾನು ಅವನ ಅಕ್ಕ. ಅಮ್ಮನ ಕಾರನ್ನ ನಮಗೆ ವಾಪಸ್ ಕೊಟ್ರಿ, ನನ್ನ ತಮ್ಮ ನಿಮ್ಮನ್ನ ಯಾರೋ ಅಂದ. ನಿನ್ನೆ ಎಲ್ಲಾ ಬಾಯಿಬಿಟ್ಟ. ಕಿವಿ ಹಿಂಡೋ ವಯಸ್ಸಲ್ಲ, ಆದ್ರೂ ಹಿಂಡಿದೆ. ಹೊರಗಿದ್ದಾನೆ, ಒಳಗೆ ಬರೋಕೆ ಮುಖ ಇಲ್ವಂತೆ.”

“ಕಾರಲ್ಲಿ ಬಂದ್ರಾ?”

“ಬಂದೆ, ಹಿಂದಿನ ಸೀಟಲ್ಲಿ, ಮಂಡಿ ಮಡಚಿಕೊಂಡು. ಮುಂದೆ ಕೂರೋಕೆ ಬಿಡಲಿಲ್ಲ ಮಹಾರಾಯ.”

ಅವಳು ಹೊರಗೆ ಬಂದಳು. ಅವನು ಟವಲ್ ಹಿಡಿದು ಕಾರಿನ ಪಕ್ಕ ನಿಂತಿದ್ದ.

“ಅಕ್ಕನ ಸ್ನೇಹಿತರೆಲ್ಲ ನಗ್ತಾರೆ ಅನಿಸಿಬಿಡ್ತು,” ಎಂದ. “ಅದಕ್ಕೆ ಹಾಗಂದೆ. ಅಷ್ಟು ಸಣ್ಣವನು ನಾನು. ಆದ್ರೆ ನೀವಂದ್ರೆ ನನಗೆ ತುಂಬಾ ಇಷ್ಟ. ಇದನ್ನೂ ಅಕ್ಕನ ಮುಂದೆ ಹೇಳೇ ಬಂದೆ.”

ಕೇಳಬೇಕೆಂದು ಎಷ್ಟೋ ಸಂಜೆ ಕಾದಿದ್ದ ಮಾತು. ಈಗ ಅದು ಅವಳಿಗೆ ತಾಗಿತು, ಗಾಯಕ್ಕೆ ತಾಗಿದ ಹಾಗೆ. ಅವಳು ಬಗ್ಗಿ, ಬೆರಳ ಹಿಂಬದಿಯಿಂದ ಪಕ್ಕದ ಸೀಟು ಮುಟ್ಟಿ ನೋಡಿದಳು.

“ಕೂತ್ಕೊಳ್ತೀರಾ?” ಎಂದ. “ಒಣಗಿದೆಯಲ್ಲ.”

“ಮೇಲೆ ಒಣಗಿದೆ. ಒಳಗಿನದಕ್ಕೆ ಟೈಮ್ ಹಿಡಿಯುತ್ತೆ. ಈಗಲೇ ಕೂತ್ರೆ ಬಿದ್ದ ಗುರುತು ಹೋಗಲ್ಲ.”

“ಕಾಯ್ತೀನಿ,” ಎಂದ ಅವನು.

“ನಿಮ್ಮಿಷ್ಟ.”

ಅವಳು ಅವನ ಮುಖ ನೋಡಲಿಲ್ಲ. ಅವನ ಕೈಯಲ್ಲಿದ್ದ ಟವಲನ್ನು ಮಾತ್ರ ತೆಗೆದುಕೊಂಡು ಒಳಗೆ ಹೋದಳು.

ಚಿಕ್ಕಮ್ಮ ಟವಲ್ ನೋಡಿದರು. ಅವಳಿಗೆ ಕೊಟ್ಟಿದ್ದ ತಮ್ಮ ದಿಂಬನ್ನು ವಾಪಸ್ ಎಳೆದುಕೊಂಡರು.