ಟೀಚರಮ್ಮನ ಹೃದಯ ಯಾರ ಮಾತೂ ಕೇಳಲ್ಲ

"ಕಾರಿನ ಕೀ ಇಲ್ಲಿ ಕೊಡಮ್ಮಾ!"

ಅವಳು ಇಸಿಜಿ ಕೋಣೆಯಿಂದ ಆಗಷ್ಟೇ ಹೊರಬಂದಿದ್ದಳು. ಎದೆಗೆ ಹಚ್ಚಿದ್ದ ಜೆಲ್ ಇನ್ನೂ ಅಂಟಂಟಾಗಿತ್ತು. ಅಷ್ಟರಲ್ಲೇ ಮಗ ಕೈಚಾಚಿ ನಿಂತಿದ್ದ.

ಅರವತ್ತರ ಹತ್ತಿರ ಬಂದಿದ್ದ ಅವಳು ಊರಿಗೆಲ್ಲ ಡ್ರೈವಿಂಗ್ ಟೀಚರಮ್ಮ. ಗಂಡ ತೀರಿಕೊಂಡ ಮೇಲೆ ಹಳೇ ಕಾರಿಗೆ ಎರಡನೇ ಬ್ರೇಕ್ ಹಾಕಿಸಿ, ಅರ್ಧ ಊರಿಗೆ ಕ್ಲಚ್ಚು ಗೇರು ಕಲಿಸಿ, ಮಗನನ್ನು ಓದಿಸಿದವಳು. ಈಗ ಎರಡು ಸಲ ಎದೆ ಡವಗುಟ್ಟಿ ತಲೆಸುತ್ತು ಬಂದಿದ್ದಕ್ಕೇ ಅದೇ ಮಗ ಕೀ ಕೇಳುತ್ತಿದ್ದಾನೆ!

ಸೋತವಳಂತೆ ಅವಳು ಚೀಲಕ್ಕೆ ಕೈ ಹಾಕಿದಳು...

"ಕೊಡ್ಬೇಡಿ."

ಪಕ್ಕದ ಕುರ್ಚಿಯಿಂದ ಬಂದ ದನಿ. ನರೆತ ಮೀಸೆ, ಅಂಗಿಯ ತೋಳಿನಲ್ಲಿ ಮರದ ಹೊಟ್ಟು, ಕೈಯಲ್ಲಿ ಅವಳ ಬಳಿ ಇದ್ದಂಥದೇ ಇಸಿಜಿ ಚೀಟಿ.

"ನಿಮಗ್ಯಾಕ್ರೀ ನಮ್ಮನೆ ವಿಷಯ?" ಎಂದು ಸಿಡುಕಿದಳು.

"ನಂದೂ ಎದೆ ಕಾಯಿಲೆನೇ. ಹೋದ ವಾರ ನನ್ನ ಮಗಳು ಉಳಿ, ಗರಗಸ ಎಲ್ಲಾ ಅಟ್ಟಕ್ಕೆ ಹಾಕಿದ್ಲು. ಇನ್ನೂ ಕೆಳಗೆ ಇಳಿದಿಲ್ಲ. ಅದಕ್ಕೇ ಹೇಳ್ದೆ."

ಎಂಥ ಅಧಿಕಪ್ರಸಂಗಿ! ಎಂದುಕೊಂಡಳು. ಆದರೆ ಕೀ ಮಾತ್ರ ಅವಳ ಮುಷ್ಟಿಯಲ್ಲೇ ಉಳಿಯಿತು.

ಒಳಗೆ ಡಾಕ್ಟರಮ್ಮ ಇಸಿಜಿಯ ಮೇಲೆ ಬೆರಳಾಡಿಸಿದರು. "ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯೋ ಬದಲು ಅದುರ್ತಾ ಇವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದ್ರೆ ಪಾರ್ಶ್ವವಾಯು. ಬಾಯಿ ಸೊಟ್ಟಗಾಗೋದು, ಮಾತು ತೊದಲೋದು, ಕೈ ಸೋಲೋದು... ಇವು ಕಂಡ್ರೆ ಒಂದು ಕ್ಷಣವೂ ಕಾಯ್ಬಾರ್ದು. ಹೆಪ್ಪುಗಟ್ಟದಿರೋಕೆ ಒಂದು ಮಾತ್ರೆ, ಬಡಿತ ಹತೋಟಿಗೆ ಇನ್ನೊಂದು. ಒಂದು ಹೊತ್ತೂ ತಪ್ಪಿಸೋ ಹಾಗಿಲ್ಲ."

"ಗಾಡಿ?"

"ಬಡಿತ ಹತೋಟಿಗೆ ಬರಲಿ. ತಲೆಸುತ್ತು ಇಲ್ಲದಿದ್ರೆ ಆಮೇಲೆ ಓಡಿಸಿ."

"ಬೇಡ ಡಾಕ್ಟ್ರೇ, ಅಮ್ಮ ಇನ್ನು ಆರಾಮಾಗಿ ಮನೇಲಿರ್ಲಿ..." ಮಗ ನಡುವೆ ಬಾಯಿ ಹಾಕಿದ.

"ಕಾಯಿಲೆ ಬಂದಿರೋದು ನನಗೆ ಕಣೋ! ನನ್ನ ನಿರ್ಧಾರ ನೀನು ತಗೋತೀಯಾ?"

ಹೊರಗೆ ಕೂತಿದ್ದ ಬಡಗಿ ಮೇಸ್ತ್ರಿಗೂ ಅದು ಕೇಳಿಸಿತು. ಮೀಸೆಯೊಳಗೇ ನಕ್ಕ.

ಇಬ್ಬರದೂ ಒಂದೇ ಕಾಯಿಲೆ, ಅವೇ ಮಾತ್ರೆಗಳು. ತಪಾಸಣೆಗೆ ಬಂದಾಗಲೆಲ್ಲ ಇಬ್ಬರೂ ಅದೇ ಬೆಂಚಿನ ಮೇಲೆ ಸಿಕ್ಕರು. ಹೆಂಡತಿಯನ್ನು ಕಳೆದುಕೊಂಡ ಅವನಿಗೂ ಮಾತಿನ ಹಸಿವಿತ್ತು. ಅಟ್ಟದ ಸಾಮಾನು ಕೆಳಗಿಳಿಯಿತು. ಆ ಮಾತ್ರೆಯಿಂದ ರಕ್ತ ಬೇಗ ನಿಲ್ಲದು, ಕೈಗವಸು ಹಾಕಿಕೊಳ್ಳಬೇಕು, ಗಾಯವಾದರೆ ರಕ್ತ ನಿಲ್ಲುವವರೆಗೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು ಎಂಬ ಡಾಕ್ಟರಮ್ಮನ ಷರತ್ತಿನ ಮೇಲೆ. ಅವಳಿಗೂ ಸ್ಟಿಯರಿಂಗ್ ಮರಳಿ ಸಿಕ್ಕಿತು.

"ನಿಮ್ಮ ನಾಡಿ ಹೇಗಿದೆ, ನೋಡ್ಲಾ?" ಎಂದು ಒಂದು ದಿನ ಮಣಿಕಟ್ಟು ಹಿಡಿದವನು, ಎಷ್ಟು ಹೊತ್ತಾದರೂ ಬಿಡಲಿಲ್ಲ.

ಅವಳೂ ಎಳೆದುಕೊಳ್ಳಲಿಲ್ಲ. 'ಅವರು ಹೋದ ಮೇಲೆ ಇಷ್ಟು ಹೊತ್ತು ಯಾರೂ ನನ್ನ ಕೈ ಹಿಡಿದಿರಲಿಲ್ಲವಲ್ಲ...'

ಆದರೆ ಮುಂದಿನ ತಪಾಸಣೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ!

"ಮೇಸ್ತ್ರಿ ಮಾತ್ರೆನೂ ತಗೊಂಡು ಹೋಗಿಲ್ಲ," ಎಂದಳು ನರ್ಸ್.

ಅವಳು ನೇರವಾಗಿ ಅವನ ಮರಗೆಲಸದ ಅಂಗಡಿಗೆ ಕಾರು ತಿರುಗಿಸಿದಳು.

ಅವನು ತಲೆ ಎತ್ತದೆ ಹಲಗೆ ಕೆತ್ತುತ್ತಿದ್ದ. "ಯಾಕೆ ಬಂದ್ರಿ? ಮುಖ ತೋರಿಸ್ಬೇಡ ಅಂತ ಹೇಳಿ ಕಳಿಸಿದವರು ನೀವೇ ತಾನೇ?"

"ನಾನಾ?!"

"ನಿಮ್ಮ ಮಗ ಬಂದಿದ್ರು. ಅಮ್ಮನಿಗೆ ನಿಮ್ಮ ಸಹವಾಸ ಮುಜುಗರ ಅಂದ್ರು."

ಅವಳ ಎದೆ ಡವಗುಟ್ಟಿತು. ಕಾಯಿಲೆಗಲ್ಲ, ಸಿಟ್ಟಿಗೆ!

"ನನಗೆ ಮುಜುಗರ ಆದ್ರೆ ನಾನೇ ಮುಖದ ಮೇಲೆ ಹೇಳ್ತೀನಿ. ದೂತರನ್ನ ಕಳಿಸೋಳಲ್ಲ! ಅದಿರಲಿ, ಮಾತ್ರೆ ಯಾಕ್ರೀ ಬಿಟ್ರಿ?"

"ಯಾರಿಗೋಸ್ಕರ ನುಂ... ನುಂಗ..."

ಮಾತು ತೊದಲಿತು. ಬಲಗೈಯಿಂದ ಉಳಿ ಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು.

ಅವಳು ಒಂದು ಕ್ಷಣವೂ ಕಾಯಲಿಲ್ಲ. ಪಕ್ಕದ ಅಂಗಡಿಯವರನ್ನು ಕೂಗಿ, ಅವನನ್ನು ಕಾರಿನಲ್ಲಿ ಮಲಗಿಸಿ, ದೊಡ್ಡಾಸ್ಪತ್ರೆಗೆ ಫೋನ್ ಮಾಡಿಸಿದಳು. ಸುಮ್ಮಸುಮ್ಮನೆ ಹಾರ್ನ್ ಹೊಡೆಯಬೇಡಿ ಎಂದು ಜನ್ಮವಿಡೀ ಪಾಠ ಹೇಳಿದವಳು, ಅಂದು ಹಾರ್ನಿನಿಂದ ಕೈ ತೆಗೆಯಲಿಲ್ಲ.

"ಮೇಸ್ತ್ರೀ, ಕಣ್ಣು ಮುಚ್ಚಬೇಡಿ! ನನ್ನ ಬಿಟ್ಟು ಹೋದ್ರೆ ನೋಡಿ ಮತ್ತೆ!"

ಬೇಗ ತಲುಪಿದ್ದರಿಂದ ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಧ್ಯವಾಯಿತು. ಸಂಜೆ ಹೊತ್ತಿಗೆ ಅವನ ಬೆರಳುಗಳು ಆಡತೊಡಗಿದವು.

ಸುದ್ದಿ ತಿಳಿದು ಮಗ ಓಡಿ ಬಂದ. "ಅಮ್ಮಾ... ನಿನಗೇನಾದ್ರೂ ಆದ್ರೆ ಅಂತ ಭಯ. ಈ ವಯಸ್ಸಲ್ಲಿ ಜನ ಏನಂತಾರೋ ಅಂತ..."

"ಜನ ಬಂದು ನನ್ನ ಮಾತ್ರೆ ನುಂಗಲ್ಲ ಕಣೋ! ನಿನ್ನ ಒಂದು ಸುಳ್ಳಿಗೆ ಒಂದು ಜೀವ ಹೋಗ್ತಿತ್ತು. ಕೇಳಿಸ್ಕೋ. ನಾನು ಗಾಡಿ ಬಿಡಲ್ಲ. ಈ ಮನುಷ್ಯನನ್ನೂ ಬಿಡಲ್ಲ. ಒಳಗೆ ಬಂದು ಕ್ಷಮೆ ಕೇಳ್ತೀಯಾದ್ರೆ ಬಾ. ಇಲ್ದಿದ್ರೆ ದಾರಿ ಬಿಡು."

ಮಗ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಆಮೇಲೆ ಅವಳ ಹಿಂದೆಯೇ ಒಳಗೆ ಬಂದ. "ತಪ್ಪಾಯ್ತು ಮೇಸ್ತ್ರೀ," ಎಂದವನ ಕಣ್ಣು ತುಂಬಿತ್ತು. ಹೆಚ್ಚು ಹೊತ್ತು ನಿಲ್ಲಲಾರದೆ ಹೊರಗೆ ಹೋದ.

ಅವಳು ಹಾಸಿಗೆಯ ಪಕ್ಕ ಕೂತಳು.

"ಕೋಪ... ನಾ?" ಅವನ ಮಾತು ಇನ್ನೂ ಸ್ವಲ್ಪ ಎಳೆಯುತ್ತಿತ್ತು.

"ಹೌದು."

"ಎಷ್ಟು?"

"ಮದುವೆ ಆಗುವಷ್ಟು!"

ಅವನ ಕಣ್ಣಂಚು ಒದ್ದೆಯಾಯಿತು. "ನನ್ನ ಎದೆ ನಂಬೋ ಹಾಗಿಲ್ಲ ಟೀಚರಮ್ಮ. ಯಾವಾಗ ಏನಾಗುತ್ತೋ..."

"ನಂದೇನು ನೆಟ್ಟಗಿದೆಯಾ? ಹಾಗಂತ ಪ್ರೀತಿಸಬಾರದು ಅಂತ ಯಾವ ಡಾಕ್ಟ್ರೂ ಬರೆದುಕೊಟ್ಟಿಲ್ಲ. ಮಾತ್ರೆ ನುಂಗ್ತೀರಾ, ಇಲ್ವಾ?"

"ನೀವು ಕೊಟ್ರೆ."

"ಆ ಆಟ ಎಲ್ಲ ಬೇಡ. ನಿಮ್ಮ ಮಾತ್ರೆ ನೀವೇ ನುಂಗ್ಬೇಕು. ನಾನು ಪಕ್ಕದಲ್ಲಿ ಕೂತಿರ್ತೀನಿ."

"ಎಲ್ಲೀವರೆಗೂ...?"

ಅವಳು ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಆ ಬೆರಳುಗಳು ಮೆಲ್ಲಗೆ ಬಿಗಿಯಾದವು.

"ಎದ್ದು ಹೋಗು ಅಂತ ಯಾರಾದ್ರೂ ಹೇಳಿ ನೋಡ್ಲಿ!"